ಪ್ರಭುಲಿಂಗನ ಅರೆಗಣ್ಣಿನ ಸೀರೆ

ಫ್ಯಾಷನ್ ಎಂಬ ಪೀಡೆಯನ್ನು ತನ್ನ ಹೊಸ್ತಿಲು ದಾಟಗೊಡುವುದಿಲ್ಲವೆಂದು ರಬಕವಿಯ ನೇಕಾರ ಪ್ರಭುಲಿಂಗ ಪಣ ತೊಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟೂ ವರ್ಷ ಅವನ ಕೈಮಗ್ಗದಿಂದ ಇಳಿದದ್ದು ಒಂದೇ ಬಗೆಯ ಸೀರೆ: ಕಡುನೀಲಿ ಒಡಲು, ಕೆಂಪು ದಡಿ, ಹಸಿರು ಸೆರಗು.

"ಅರಿವಿ ಇರೂದು ಮೈ ಮುಚ್ಚಾಕ. ಮಂದಿ ಕಣ್ಣ ತುಂಬಾಕಲ್ಲ" ಎನ್ನುತ್ತಿದ್ದ. ಬೇರೆ ಥರದ್ದೊಂದು ನೇಯ್ದುಕೊಡಿ ಎಂದು ಹೆಂಡತಿ ಶೇವಂತಿ ಕೇಳಿದಾಗಲೆಲ್ಲ ಒಂದು ತಾಸು ಉಪನ್ಯಾಸ. ಅಷ್ಟರಲ್ಲಿ ಅವಳು ಬುಟ್ಟಿ ತುಂಬ ರೊಟ್ಟಿ ಬಡಿದು ಮುಗಿಸುತ್ತಿದ್ದಳು.

ಮುಧೋಳದಲ್ಲಿ ಅವಳ ತಮ್ಮನ ಮಗಳ ಮದುವೆ ಬಂತು. ಈ ಸಲ ಶೇವಂತಿ ಕೇಳಲೇ ಇಲ್ಲ. ಆ ಮೌನಕ್ಕೆ ಹೆದರಿ ಪ್ರಭುಲಿಂಗ ತಾನಾಗಿಯೇ ಹೊಸ ಸೀರೆಗೆ ಕುಳಿತ. ಹೊಸದೆಂದರೆ ಮತ್ತೇನು, ಅದೇ ಕಡುನೀಲಿ!

ಮಧ್ಯಾಹ್ನದ ಊಟವಾಗಿತ್ತು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಮಗ್ಗದ ಲಟಪಟ ಜೋಗುಳವಾಗಿ ಅವನ ರೆಪ್ಪೆ ಇಳಿಯಿತು. ಕೃಷ್ಣೆಯ ನೀರಿನ ಮೇಲೆ ನಡೆದುಹೋಗುತ್ತಿದ್ದಾನೆ. ಕಾಲಡಿ ನೀರು ಮಡಿಕೆ ಮಡಿಕೆಯಾಗಿ ಬಿಚ್ಚುತ್ತಿದೆ. ದಂಡೆಯ ಕಬ್ಬು ಬಾಗಿ ಬಾಗಿ ತನ್ನ ಹಸಿರನ್ನು ಅದಕ್ಕೆ ಕಲಸುತ್ತಿದೆ. ಕನಸು ತನ್ನ ದಾರಿ ಹಿಡಿದರೆ ಕೈ ತನ್ನ ದಾರಿ ಹಿಡಿಯಿತು. ಸೆರಗಿಗೆಂದು ಪಕ್ಕಕ್ಕಿಟ್ಟಿದ್ದ ಹಸಿರು ನೂಲಿನ ಲಾಳಿ ಸಿಕ್ಕಾಗ ಹಸಿರು, ನೀಲಿಯದು ಸಿಕ್ಕಾಗ ನೀಲಿ. ನಾಲ್ಕು ಮಧ್ಯಾಹ್ನ ಹೀಗೇ ಕಳೆದವು. ಒಮ್ಮೆ ಇಣುಕಿ ನೋಡಿದ ಶೇವಂತಿಯೂ ಅವನನ್ನು ಎಬ್ಬಿಸಲಿಲ್ಲ. ಎಚ್ಚರವಾಗುವಷ್ಟರಲ್ಲಿ ನೇಯ್ದದ್ದೆಲ್ಲ ಉರುಳೆಗೆ ಸುತ್ತಿಕೊಂಡಿರುತ್ತಿತ್ತು.

ಮದುವೆಯ ಹಿಂದಿನ ದಿನ ಸೀರೆ ಬಿಚ್ಚಿದವನು ಅದನ್ನು ಎರಡೆರಡು ಸಲ ತಿರುವಿ ನೋಡಿದ. ಒಂದು ಪಟ್ಟೆ ಬೆರಳಗಲ, ಇನ್ನೊಂದು ಗೇಣು! ಹಳೆಯದನ್ನೇ ಉಟ್ಟುಕೋ ಎಂದು ಅಂಗಲಾಚಿದ. ಶೇವಂತಿ ಅದರ ಮೇಲೊಮ್ಮೆ ಅಂಗೈ ಆಡಿಸಿ, ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಮದುವೆ ಮಂಟಪದಲ್ಲಿ ಪ್ರಭುಲಿಂಗ ಕಂಬದ ಮರೆ ಸೇರಿದ. ಹೆಂಗಸರು ಶೇವಂತಿಯನ್ನು ಮುತ್ತಿಕೊಂಡಿದ್ದರು. ಜಮಖಂಡಿಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಗಂಗಾಂಬಿಕಾ ಸೆರಗು ಹಿಡಿದು ನೋಡಿ, "ಹೊಳೀನ ಉಟ್ಟಂಗ ಕಾಣಾಕತ್ತೀರಿ ಅಕ್ಕಾರ. ಯಾರ ನೇಯ್ದಾರ ಇದನ್ನ?" ಎಂದಳು.

"ನಮ್ಮನಿಯವರು" ಎಂದಳು ಶೇವಂತಿ.

ಒಮ್ಮೆ ತಿರುಗಿ ತೋರಿಸಿರೆಂದರು ಯಾರೋ. ಅವಳು ತಿರುಗಿದಳು. ನೀಲಿ ಹಸಿರು ಅವಳ ಸುತ್ತ ಮೆಲ್ಲಗೆ ಹರಿಯಿತು. ಕತ್ತೆತ್ತಿ ನಗುತ್ತ ನಿಂತ ಈ ಹೆಂಗಸನ್ನು ಪ್ರಭುಲಿಂಗ ಹೊಸಬಳೆಂಬಂತೆ ನೋಡಿದ. ಮೈ ಮುಚ್ಚುವ ಅರಿವೆ ಇಷ್ಟು ವರ್ಷ ಇವಳ ನಗುವನ್ನೂ ಮುಚ್ಚಿತ್ತಲ್ಲ ಎಂದುಕೊಂಡ. ಗಂಗಾಂಬಿಕಾ ಅಂಥವೇ ನಾಲ್ಕು ಸೀರೆ ಬೇಕೆಂದಳು.

ವಾಪಸು ಬರುವಾಗ ಬಸ್ಸಿನ ತುಂಬ ಅವನದೇ ಮಾತು. ಫ್ಯಾಷನ್ ಇಲ್ಲದ ಸಮಾಜ ಉಪ್ಪಿಲ್ಲದ ಸಾರು, ನೇಕಾರನೆಂದರೆ ಅರ್ಧ ಬ್ರಹ್ಮ ಎಂದೆಲ್ಲ ಹೇಳಿದ. ಶೇವಂತಿ ಕಿಟಕಿಗೆ ತಲೆಯಾನಿಸಿ ಕೇಳಿಸಿಕೊಂಡಳು.

ಮಾರನೆಯ ದಿನದಿಂದ ಬ್ರಹ್ಮ ಕಣ್ಣು ಕಿಸಿದು ಮಗ್ಗಕ್ಕೆ ಕುಳಿತ. ಎಷ್ಟು ತಿಣುಕಿದರೂ ಪಟ್ಟೆಗಳು ಸಾಲಿ ಹುಡುಗರಂತೆ ಸಾಲಾಗಿ ನಿಂತವು. ಬಿಚ್ಚಿದ, ನೇಯ್ದ, ಮತ್ತೆ ಬಿಚ್ಚಿದ. ಹೇಳಿದ ದಿನಕ್ಕೆ ಸರಿಯಾಗಿ ಗಂಗಾಂಬಿಕಾ ಬಂದು, ಸೀರೆ ಎಲ್ಲಿ ಎಂದಳು.

ಶೇವಂತಿ ಅವಳಿಗೆ ಚಹಾ ಕೊಟ್ಟು, ಮಗ್ಗದ ಕೋಣೆಯ ಬಾಗಿಲು ಮೆಲ್ಲಗೆ ಮುಂದೆ ಮಾಡಿದಳು.

"ಇನ್ನೊಂದೀಟ ತಡೀರಿ. ನಮ್ಮ ಡಿಸೈನರ್ ಸಾಹೇಬರಿಗೆ ಇನ್ನೂ ನಿದ್ದಿ ಹತ್ತಿಲ್ಲ."