ಜಪಾನಿನ ನಮಸ್ಕಾರ, ಗಾಳೆಪ್ಪನ ಮರಿ

ಜಪಾನಿನಿಂದ ಬಂದ ಮರುದಿನ ಬೆಳಿಗ್ಗೆಯೇ ನಾನು ಮನೆಯ ಅಂಗಳದಲ್ಲಿ ನಿಂತು ಘೋಷಣೆ ಹೊರಡಿಸಿದೆ. ಇನ್ನು ಮುಂದೆ ಈ ಭೀಮರಾಜನ ಕಾರಿನ ಹಾರ್ನ್ ಬಾಯಿ ಬಿಡುವುದಿಲ್ಲ. ರಸ್ತೆ ದಾಟುವವರು ಯಾರೇ ಇರಲಿ, ಈ ಕಾರು ನಿಲ್ಲುತ್ತದೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು. ಬಳ್ಳಾರಿ ಜಿಲ್ಲೆಯ ರಸ್ತೆಗಳ ಉದ್ಧಾರ ನನ್ನಿಂದಲೇ ಶುರುವಾಗಲಿ!

ನಾನು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಮೆಕ್ಯಾನಿಕ್. ಅಕ್ಕಿಯೊಳಗಿನ ಕರಿಕಾಳು ಆರಿಸುವ ಹೊಸ ಯಂತ್ರ ತರಿಸಿದ ಮಾಲೀಕರು, ಅದರ ರಿಪೇರಿ ಕಲಿತು ಬಾ ಎಂದು ನನ್ನನ್ನು ಹದಿನೈದು ದಿನ ಜಪಾನಿಗೆ ಕಳಿಸಿದ್ದರು. ಯಂತ್ರವನ್ನೂ ಕಲಿತೆ ಅನ್ನಿ. ಆದರೆ ನನ್ನ ಮನಸ್ಸನ್ನು ಕದ್ದದ್ದು ಅಲ್ಲಿನ ರಸ್ತೆ. ನಮ್ಮ ಹಾಗೆಯೇ ಅವರೂ ಎಡಕ್ಕೇ ಓಡಿಸುತ್ತಾರೆ, ಹೋಲಿಕೆ ಅಲ್ಲಿಗೆ ಮುಗಿಯಿತು. ಶಾಲೆಯ ಮಗುವೊಂದು ಬಿಳಿ ಪಟ್ಟೆಯ ಬಳಿ ಕೈ ಎತ್ತಿದರೆ ದೊಡ್ಡ ಲಾರಿಯೂ ನಿಂತುಬಿಡುತ್ತದೆ. ಮಗು ದಾಟಿ ಹೋಗಿ ಲಾರಿಯ ಕಡೆ ತಿರುಗಿ ತಲೆ ಬಾಗಿಸುತ್ತದೆ, ಡ್ರೈವರೂ ತಲೆ ಬಾಗಿಸುತ್ತಾನೆ. ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರೇ ಬಂದಿತ್ತು.

"ಅಲ್ಲಿ ನೀವು ಗಾಡಿ ಓಡಿಸಿದ್ರೇನ್ರಿ?" ಎಂದಳು ನನ್ನ ಹೆಂಡತಿ ಜಯಶ್ರೀ.

"ಇಲ್ಲ. ಬಸ್ಸಿನ ಕಿಟಕಿ ಪಕ್ಕ ಕುಂತಿದ್ನಲ್ಲ, ಎಲ್ಲಾ ಕಾಣ್ತಿತ್ತು."

"ಹಂಗಾದ್ರ ಕುಂತು ಬಂದೀರಿ ಅಷ್ಟ."

ಜಯಶ್ರೀ ಹಾಗೆ ಚುಚ್ಚಲು ಕಾರಣವಿತ್ತು. ಕುರುಗೋಡಿನ ಹತ್ತಿರದ ನಮ್ಮ ಹಳ್ಳಿಯ ಪಂಚಾಯಿತಿಗೆ ಕಸ ಒಯ್ಯುವ ಗಾಡಿ ಬಂದಿದೆ. ಅದನ್ನು ಓಡಿಸಲು ಮಹಿಳಾ ಸಂಘದಿಂದ ಅವಳನ್ನೇ ಆರಿಸಿದ್ದಾರೆ. ಆದರೆ ಬಳ್ಳಾರಿಯ ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲು. ಈ ಶುಕ್ರವಾರವೂ ಪಾಸಾಗದಿದ್ದರೆ ಕೆಲಸ ಸಂಘದ ಬೇರೆಯವರಿಗೆ ಎಂದು ಪಂಚಾಯಿತಿಯವರು ಹೇಳಿದ್ದರು. ಮೊದಲ ಸಲ ರಿವರ್ಸ್ ಕೈಕೊಟ್ಟಿತ್ತು. ಎರಡನೆಯ ಸಲ, ಅಡ್ಡ ಬಂದವರಿಗೆ ಹಾರ್ನ್ ಹೊಡೆದು ಮುಂದೆ ಹೋಗಿದ್ದಳು. ಹಾಗೆ ಹೋಗು ಎಂದು ಹೇಳಿಕೊಟ್ಟವನು ನಾನೇ. ಆ ನಾನು ಜಪಾನಿಗೆ ಹೋಗುವ ಮುಂಚಿನ ನಾನು, ಅವನ ತಪ್ಪಿಗೆ ನಾನು ಹೊಣೆಯಲ್ಲ.

ಶುಕ್ರವಾರ ಒಂಬತ್ತೂವರೆಗೆ ಹೊರಟೆವು. ಹನ್ನೊಂದಕ್ಕೆ ಪರೀಕ್ಷೆ, ಮುಕ್ಕಾಲು ಗಂಟೆಯ ದಾರಿ. "ಇವತ್ತು ನಾ ಓಡಿಸ್ತೀನಿ, ನೀ ನೋಡಿ ಕಲಿ" ಎಂದು ನಾನೇ ಸ್ಟೀರಿಂಗ್ ಹಿಡಿದೆ.

ಎರಡು ಕಿಲೋಮೀಟರ್ ಹೋಗಿರಲಿಲ್ಲ, ಒಬ್ಬ ಅಜ್ಜಿ ಮೆಣಸಿನಕಾಯಿ ಚೀಲ ಹೊತ್ತು ರಸ್ತೆ ದಾಟಲು ನಿಂತಿದ್ದಳು. ನಾನು ಕಾರು ನಿಲ್ಲಿಸಿದೆ. ಜಪಾನಿನವರ ಹಾಗೆ ನಕ್ಕು, ತಲೆ ಬಾಗಿಸಿದೆ. ಅಜ್ಜಿ ನೇರವಾಗಿ ಬಂದು ಹಿಂದಿನ ಬಾಗಿಲು ತೆಗೆದು ಚೀಲದ ಸಮೇತ ಒಳಗೆ ಕೂತಳು.

"ಬಳ್ಳಾರ್ಯಾಗ ಬ್ರೂಸ್‌ಪೇಟಿಗೆ ಬಿಡಪಾ. ನಿನ್ನಂಥಾ ಮಗ ಎಲ್ಲಾರಿಗೂ ಹುಟ್ಲಿ."

ಇಳಿಸುವುದು ಹೇಗೆ? ಮಾರೆಮ್ಮ ಎಂದು ಹೆಸರು ಬೇರೆ ಹೇಳಿದಳು. ನಾನು ಇಳಿದು ಹೋಗಿ ಅವಳಿಗೆ ಸೀಟ್ ಬೆಲ್ಟ್ ಹಾಕಿದೆ.

"ನನ್ನ ಯಾಕ ಕಟ್ಟಾಕತ್ತೀಯಪಾ? ನಾ ಎಲ್ಲಿಗೂ ಓಡಿ ಹೋಗಂಗಿಲ್ಲ."

ಮುಂದಿನ ಕ್ರಾಸಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಹಿರಿಯರೊಬ್ಬರು ದಾಟುತ್ತಿದ್ದರು. ನಿಲ್ಲಿಸಿದೆ, ನಕ್ಕೆ, ಬಾಗಿದೆ. ಅವರೂ ಹತ್ತಿದರು. ಗಾದೆಪ್ಪ, ಮೂವತ್ತೆರಡು ವರ್ಷ ಬಸ್ ಓಡಿಸಿ ರಿಟೈರ್ ಆದವರು. ಬೆಲ್ಟನ್ನು ತಾವೇ ಹಾಕಿಕೊಂಡರು.

"ನಿಮ್ಮ ಲೈಸೆನ್ಸ್ ಯಾವಾಗಿಂದರಿ?" ಎಂದು ಕೇಳಿದರು.

"ಇಪ್ಪತ್ತೊಂದು ವರ್ಷ ದಾಟೇತಿ, ಒಂದಿನಾನೂ ಯಾರೂ ಕೇಳಿಲ್ಲ" ಎಂದೆ ಎದೆ ಉಬ್ಬಿಸಿ.

"ಓಹೋ" ಎಂದು ಗಾದೆಪ್ಪ ಕಿಟಕಿಯ ಹೊರಗೆ ನೋಡತೊಡಗಿದರು.

ಹೀಗೆ ದಾಟುವವರಿಗೆಲ್ಲ ನಿಲ್ಲುತ್ತಾ ನಿಲ್ಲುತ್ತಾ ಬಳ್ಳಾರಿ ಹತ್ತಿರವಾದಾಗ ಕುರಿಗಳು ಬಂದವು. ಇನ್ನೂರಾದರೂ ಇದ್ದವು. ಹಿಂದಿನ ಲಾರಿಯವನು ಹಾರ್ನ್ ಮೇಲೆಯೇ ಕೂತಿದ್ದ, ನಾನು ಮಾತ್ರ ತಪಸ್ಸಿಗೆ ಕೂತವನಂತೆ ಕೂತೆ. ಕೊನೆಯ ಕುರಿಯ ಹಿಂದೆ ಬಂದ ಕುರಿಗಾರನಿಗೂ ನಕ್ಕು ತಲೆ ಬಾಗಿಸಿದೆ. ಅವನು ಹತ್ತಲಿಲ್ಲ. ಕಿಟಕಿಯಿಂದ ಒಂದು ಕುರಿಮರಿಯನ್ನು ನನ್ನ ತೊಡೆಯ ಮೇಲೆ ಇಳಿಸಿದ.

"ಇದರ ಕಾಲು ಉಳುಕೇತ್ರಿ. ಬಳ್ಳಾರ್ಯಾಗ ದನದ ದವಾಖಾನಿಗೆ ತೋರಿಸ್ಕೊಂಡು ಬರ್ರಿ. ನಾ ಗಾಳೆಪ್ಪ. ಗಾಳೆಪ್ಪನ ಮರಿ ಅನ್ರಿ, ಅವರಿಗೆ ಗೊತ್ತೈತಿ."

ಜಯಶ್ರೀ ಗಡಿಯಾರ ನೋಡಿದಳು, ಮರಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ರೀ, ಹತ್ತೂಮುಕ್ಕಾಲು ಆತು. ಬ್ರೂಸ್‌ಪೇಟಿ ಇಲ್ಲ, ದವಾಖಾನಿ ಇಲ್ಲ. ಎಲ್ಲಾರ್ನೂ ಕರಕೊಂಡು ಸೀದಾ ಆರ್‌ಟಿಓಗೆ ನಡೀರಿ. ಇನ್ನ ಯಾರಿಗರ ನಕ್ರ ನಾ ಇಳದು ಓಡ್ಕೊಂಡು ಹೋಗ್ತೀನಿ."

ಅವಳ ಒಂದು ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು. ಆಗ ನನಗೂ ಹೆದರಿಕೆಯಾಯಿತು. ಹಾರ್ನ್ ಕಡೆ ಕೈ ಹೋಯಿತು, ಆದರೂ ಹೊಡೆಯಲಿಲ್ಲ. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ತಲುಪಿದೆವು.

ನಮ್ಮ ಕಾರಿನಲ್ಲೇ ಪರೀಕ್ಷೆ. ಜಯಶ್ರೀ ಸ್ಟೀರಿಂಗ್ ಹಿಡಿದಳು, ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತರು. ಮಾರೆಮ್ಮ ಚೀಲದ ಮೇಲೆ, ಗಾದೆಪ್ಪ ಕಟ್ಟೆಯ ಮೇಲೆ, ನಾನು ಕಂಕುಳಲ್ಲಿ ಮರಿ ಹಿಡಿದು ಟ್ರ್ಯಾಕಿನ ಅಂಚಿನಲ್ಲಿ. ರಿವರ್ಸ್ ಸಲೀಸಾಗಿ ಆಯಿತು. ತಿರುವೂ ಆಯಿತು. ಕಾರು ನನ್ನ ಮುಂದೆಯೇ ಬರುತ್ತಿತ್ತು. ಇನ್‌ಸ್ಪೆಕ್ಟರಿಗೆ ಒಂದು ಒಳ್ಳೆಯ ಅಭಿಪ್ರಾಯ ಬರಲಿ ಎಂದು ನಾನು ಸೊಂಟದಿಂದ ಪೂರ್ತಿ ಬಾಗಿ ಜಪಾನೀ ನಮಸ್ಕಾರ ಮಾಡಿದೆ.

ಮರಿ ಜಾರಿತು. ಕುಂಟುತ್ತಾ ನೇರ ಕಾರಿನ ಮುಂದೆ ಹೋಗಿ ನಿಂತಿತು.

ಗಾಳೆಪ್ಪನ ಮರಿ, ಜಯಶ್ರೀಯ ಕೆಲಸ, ನನ್ನ ಸಂಸಾರ, ಮೂರೂ ಒಂದೇ ಬ್ರೇಕಿನ ಕೆಳಗಿದ್ದವು. ಕಾರು ಮೆತ್ತಗೆ ನಿಂತಿತು. ಹಾರ್ನಿಲ್ಲ, ಇಂಜಿನ್ ಕೂಡ ಆರಿಲ್ಲ. ಮರಿ ಆ ಕಡೆ ಹೋಗಿ ಹುಲ್ಲಿಗೆ ಬಾಯಿ ಹಾಕುವವರೆಗೆ ಕಾದು ಜಯಶ್ರೀ ಮುಂದೆ ಬಂದಳು.

ಇನ್‌ಸ್ಪೆಕ್ಟರ್ ಇಳಿದವರೇ, "ಪಾಸ್. ಹೋದ ಸಲ ಮನುಷ್ಯಾರಿಗೇ ನಿಂತಿರಲಿಲ್ಲ ನೀವು. ಯಾರು ಕಲಿಸಿದ್ರು?" ಎಂದರು.

ಅವಳು ಬಾಯಿ ತೆಗೆಯುವುದರೊಳಗೆ ನಾನು ಮುಂದೆ ಬಂದಿದ್ದೆ. ಜಪಾನಿನ ಬಿಳಿ ಪಟ್ಟೆ, ಶಾಲೆಯ ಮಗು, ಬಾಗುವ ಡ್ರೈವರು, ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಭಾಳ ಚಲೋ. ಕಲಿಯೋರ ಪಕ್ಕ ಕುಂಡ್ರೋರು ನೀವೇ ಅಲ್ಲೇನು? ನಿಮ್ಮ ಲೈಸೆನ್ಸ್ ತೋರ್ಸ್ರಿ."

ಗತ್ತಿನಿಂದ ಕೊಟ್ಟೆ. ಅವರು ತಿರುಗಿಸಿ ನೋಡಿದರು. "ಇದು ಇಪ್ಪತ್ತು ವರ್ಷಕ್ಕ ಮುಗದೇತ್ರಿ. ಮುಗದು ಹದಿನಾಲ್ಕು ತಿಂಗಳಾತು. ವರ್ಷ ದಾಟಿದ್ರ ಮತ್ತ ಎಲ್ ಬೋರ್ಡಿನಿಂದ ಶುರು ಮಾಡ್ಬೇಕು, ಪರೀಕ್ಷಾನೂ ಕೊಡ್ಬೇಕು. ದಂಡದ ಚೀಟಿ ಒಳಗ ಬಂದು ತಗೋರಿ."

ದಂಡ ಕಟ್ಟಿ ಬಂದಾಗ ಹೊಸ ಕಷ್ಟ ಎದುರಾಯಿತು. ನಾನು ಓಡಿಸುವಂತಿಲ್ಲ. ಜಯಶ್ರೀ ಪಾಸಾಗಿದ್ದರೂ ಲೈಸೆನ್ಸ್ ಇನ್ನೂ ಕೈಗೆ ಬಂದಿಲ್ಲ. ಗಾದೆಪ್ಪ ಕಟ್ಟೆಯಿಂದ ಎದ್ದು ಟವೆಲ್ ಕೊಡವಿದರು.

"ನಂದು ಯುಗಾದಿಗೆ ರಿನ್ಯೂ ಮಾಡಿಸೀನ್ರಿ. ಕೀಲಿ ಕೊಡ್ರಿ."

ಹಾಗೆ ನಾನು ಹಿಂದಿನ ಸೀಟಿಗೆ ಬಂದೆ. ನನಗೆ ಬೆಲ್ಟ್ ಹಾಕಿದವಳು ಮಾರೆಮ್ಮ. ಅವಳನ್ನು ಬ್ರೂಸ್‌ಪೇಟೆಯಲ್ಲಿ ಇಳಿಸಿ, ಮರಿಯ ಕಾಲಿಗೆ ಪಟ್ಟಿ ಕಟ್ಟಿಸಿ, ಅದನ್ನು ಗಾಳೆಪ್ಪನಿಗೆ ಒಪ್ಪಿಸಲು ಊರ ದಾರಿ ಹಿಡಿದೆವು. ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ದಾಟಲು ನಿಂತಿದ್ದಳು. ಗಾದೆಪ್ಪ ದೂರದಿಂದಲೇ ನಿಧಾನ ಮಾಡಿ, ಕಾರು ನಿಲ್ಲಿಸಿ, ಅಂಗೈ ಆ ಕಡೆ ಬೀಸಿದರು. ಅವಳು ದಾಟಿ ಹೊರಟೇ ಹೋದಳು, ಕಾರಿನ ಕಡೆ ತಿರುಗಿಯೂ ನೋಡಲಿಲ್ಲ.

"ಆಕಿ ಯಾಕ ಹತ್ಲಿಲ್ಲ?" ಎಂದೆ.

"ಹೋಗು ಅಂತ ಕೈ ಮಾಡಿದ್ನಲ್ರಿ. ನೀವು ನಿಂತು, ನಕ್ಕು, ತಲಿ ಬಗ್ಗಿಸ್ತೀರಿ. ನಮ್ಮ ಕಡಿ ಅದಕ್ಕ ಬರ್ರಿ ಕುಂಡ್ರಿ ಅಂತ ಅರ್ಥ. ನಾನೂ ಅದಕ್ಕ ಹತ್ತಿದ್ದು." ಸ್ವಲ್ಪ ತಡೆದು ಸೇರಿಸಿದರು: "ನೀವು ನಿಂತದ್ದು ಮಾತ್ರ ಚಲೋ ಆತ್ರಿ. ಎಲ್ಲಾರೂ ಎಲ್ಲಿ ನಿಲ್ತಾರ?"

ಆ ಒಂದು ಮಾತಿಗೆ ನನ್ನ ಜೀವ ತಂಪಾಯಿತು.

ಹತ್ತು ದಿನಕ್ಕೆ ಜಯಶ್ರೀಯ ಲೈಸೆನ್ಸ್ ಬಂತು, ಕಸದ ಗಾಡಿಯೂ ಅವಳ ಕೈಗೆ ಬಂತು. ಮೊದಲ ದಿನ ಬೆಳಿಗ್ಗೆ ಗಾಡಿ ನಮ್ಮ ಮನೆಯ ಮುಂದೆ ನಿಂತಿತು. ಅವಳು ನನ್ನನ್ನು ನೋಡಿ ನಕ್ಕಳು, ತಲೆಯನ್ನೂ ಬಾಗಿಸಿದಳು. ಸಿರುಗುಪ್ಪದ ಬಸ್ಸಿಗೆ ನಡೆದು ಹೋಗುವುದು ತಪ್ಪಿತು ಎಂದುಕೊಂಡು ನಾನು ಕಸದ ಬುಟ್ಟಿ ಹಿಡಿದೇ ಒಂದು ಕಾಲು ಗಾಡಿಯೊಳಗೆ ಇಟ್ಟೆ.

ಅವಳು ಅಂಗೈ ಅಡ್ಡ ಹಿಡಿದಳು.

"ಇಳೀರಿ. ಇಲ್ಲಿ ಹಸಿ ಕಸ, ಒಣ ಕಸ ಎರಡೇ ಹತ್ತೋದು."