ಮೊಳೆಗೆ ಹೆದರುವ ಸಿಪಾಯಿ

ನಮ್ಮ ಸೋದರಮಾವ ಸೈನ್ಯದಲ್ಲಿದ್ದವರು. ಗುಂಡಿಗೆ ಹೆದರಿದವರಲ್ಲ, ಹಾವಿಗೆ ಹೆದರಿದವರಲ್ಲ, ಮೇಲಧಿಕಾರಿಗೂ ಅಷ್ಟಾಗಿ ಹೆದರಿರಲಿಕ್ಕಿಲ್ಲ. ಆದರೆ ಮೊಳೆಗೆ ಹೆದರುತ್ತಾರೆ! ಗೋಡೆಗೆ ಹೊಡೆಯುವ ಸಾದಾ ಮೊಳೆಗೆ!

ನಂಬಿಕೆ ಬಾರದಿದ್ದರೆ ಶಿರಾಲಿಯ ಅವರ ಮನೆಗೆ ಒಮ್ಮೆ ಬನ್ನಿ. ಗೋಡೆಗಳೆಲ್ಲ ಬೋಳು. ಕ್ಯಾಲೆಂಡರು ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದಲ್ಲಿ ನೇತಾಡುತ್ತದೆ. ಗೋಡೆ ಗಡಿಯಾರ ಅಕ್ಕಿ ಡ್ರಮ್ಮಿನ ಮೇಲೆ ಕೂತಿದೆ. ಅನ್ನಕ್ಕಿಡುವ ಹೊತ್ತಿಗೆ ಅದು ನೆಲಕ್ಕಿಳಿಯಬೇಕು. ಆಫ್ರಿಕಾದ ಶಾಂತಿಪಡೆಯಲ್ಲಿದ್ದಾಗ ತೆಗೆಸಿಕೊಂಡ ಫೋಟೋಗಳೆಲ್ಲ ಒಂದು ರೆಕ್ಸಿನ್ ಚೀಲದಲ್ಲಿ ತುಂಬಿವೆ. ಬಂದವರೆದುರು ಬಿಚ್ಚಿ, "ಅಲ್ಲಿಯ ಕೆಂಪು ಧೂಳು ಕಂಡ್ಯಾ?" ಎನ್ನುತ್ತಾರೆ. ಹಳೆಯದಾಗಿ ಫೋಟೋಗಳೇ ಪೂರ್ತಿ ಕೆಂಪಾಗಿವೆ. ಧೂಳು ಯಾವುದು, ಮಾವ ಯಾವುದು ಎಂದು ನಾವೇ ಹುಡುಕಿಕೊಳ್ಳಬೇಕು.

ಇಷ್ಟನ್ನೂ ಅವರು ಹೇಳುವುದು ಓಡಾಡುತ್ತ. ಟೆಂಟಿನ ಕತೆ ಜಗುಲಿಯಲ್ಲಿ, ಜೀಪಿನದು ಅಂಗಳದಲ್ಲಿ, ಉಳಿದದ್ದು ಬಾವಿಕಟ್ಟೆಯ ಹತ್ತಿರ. ಚಹಾ ಕೂಡ ನಿಂತೇ ಕುಡಿಯುವ ಆಸಾಮಿ. "ಒಂದ್ ಗಳಿಗೆ ಕೂತ್ಕಳಿ ಮಾರಾಯ್ರೆ, ನಿಮ್ಮನ್ನ ಯಾರು ಅಟ್ಟಿಸ್ಕೊಂಡು ಬತ್ರು?" ಎಂದು ಅತ್ತೆ ಗದರಿಸಿ ಗದರಿಸಿ ಸುಸ್ತಾಗಿದ್ದಳು.

ಮೊಳೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಫೋಟೋ ಗೋಡೆ ಏರಿ ಅದಕ್ಕೆ ಹೂಮಾಲೆ ಬಿತ್ತೆಂದರೆ, ಒಳಗಿರುವವರು ಈ ಲೋಕದಲ್ಲಿ ಇಲ್ಲ ಎಂದೇ ಅರ್ಥ. ಮಾವ ಮದುವೆಯಾದ ಹೊಸತರಲ್ಲೇ ಆಫ್ರಿಕಾಕ್ಕೆ ಹೋದರು. ಅಲ್ಲಿಂದ ಯೂನಿಫಾರಮ್ಮಿನ ಫೋಟೋವೊಂದನ್ನು ಕಳಿಸಿದರು. ಅಜ್ಜಿಗೆ ಹಿಗ್ಗೋ ಹಿಗ್ಗು! ಭಟ್ಕಳಕ್ಕೆ ಹೋಗಿ ಕಟ್ಟು ಹಾಕಿಸಿ, ತೀರಿಹೋದ ಹಿರಿಯರ ಸಾಲಿನಲ್ಲಿ ಒಂದು ಮೊಳೆ ಖಾಲಿ ಇತ್ತಲ್ಲ, ಅದಕ್ಕೇ ತೂಗುಹಾಕಿದಳು. ನವರಾತ್ರಿಯಲ್ಲಿ ಎಲ್ಲ ಫೋಟೋಗಳಿಗೂ ಅಬ್ಬಲಿಗೆ ಮಾಲೆ ಹಾಕುವಾಗ ಮಗನಿಗೆ ಮಾತ್ರ ಬಿಡುವುದು ಹೇಗೆ? ಅವನಿಗೂ ಒಂದು ಹಾಕಿದಳು.

ಅದೇ ದಿನ ಮಂಕಿ ಊರಿನಿಂದ ಮಾವನ ಚಿಕ್ಕಮ್ಮ ಬಂದಳು. ಫೋಟೋ ನೋಡಿದಳು, ಮಾಲೆ ನೋಡಿದಳು, "ಅಯ್ಯೋ ಮಗನೇ!" ಎಂದು ಕೂತುಬಿಟ್ಟಳು. ಅಡುಗೆಮನೆಯಿಂದ ಓಡಿಬಂದ ಅಜ್ಜಿ, ಇವಳಿಗೆ ಎಲ್ಲಿಂದಲೋ ಸುದ್ದಿ ಬಂದಿದೆ ಎಂದುಕೊಂಡು ತಾನೂ ಶುರುಮಾಡಿದಳು! ಒಬ್ಬಳನ್ನು ನೋಡಿ ಇನ್ನೊಬ್ಬಳು ಅತ್ತದ್ದೇ ಅತ್ತದ್ದು. ಕೇರಿಯೆಲ್ಲ ನೆರೆಯಿತು. ಸುದ್ದಿ ತಂದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಅಳದಿದ್ದವಳು ಹೊಸ ಸೊಸೆ, ನಮ್ಮ ಅತ್ತೆ ಒಬ್ಬಳೇ. ಅವಳು ಸ್ಟೂಲು ಹತ್ತಿ ಫೋಟೋ ಇಳಿಸಿದಳು, ಮಾಲೆ ಕಿತ್ತಳು. "ಇವ್ರಿಗೆ ಎಂತದೂ ಆಗ್ಲಿಲ್ಲ. ಬತ್ರು. ಎಲ್ಲ ಮನೆಗೆ ಹೋಗಿ" ಎಂದಳು.

ಮಾವ ಬಂದರು. ಊರಿಗೆ ಕಾಲಿಟ್ಟವರೇ ತಮಗೆ ಆಗಿದ್ದ ಸಾವಿನ ಕತೆ ಕೇಳಿ, ಮನೆಯ ಮೊಳೆಗಳನ್ನೆಲ್ಲ ಕೀಳಿಸಿದರು.

ಕಳೆದ ವರ್ಷ ಅತ್ತೆ ತೀರಿಕೊಂಡಳು. ವರ್ಷಾಂತಿಕಕ್ಕೆ ಅವಳದೊಂದು ದೊಡ್ಡ ಫೋಟೋ ಗೋಡೆಗೆ ಹಾಕಲೇಬೇಕೆಂದು ಮನೆಯವರೆಲ್ಲ ಹಟ ಹಿಡಿದರು. "ನಾನೇ ಮಾಡಿಸ್ತೆ" ಎಂದು ಮಾವ ಹೊರಟರು, ಕಾವಲಿಗೆ ನಾನು. ಭಟ್ಕಳದ ಸ್ಟುಡಿಯೋದವನು ಅತ್ತೆಯನ್ನು ಬೆಳ್ಳಗೆ ಮಾಡಿಕೊಟ್ಟ. "ಇದು ಯಾರ ಹೆಂಡ್ತಿ?" ಎಂದು ಮಾವ ತಿರುಗಿ ಕೊಟ್ಟರು. ಹೊನ್ನಾವರದವನು ಕಂಪ್ಯೂಟರಿನಲ್ಲೇ ಕೊರಳಿಗೊಂದು ಬಂಗಾರದ ಸರ ತೊಡಿಸಿದ. "ನಾನು ಮಾಡಿಸಿದ್ದಲ್ಲ ಇದು. ನೀನು ಎಂತಕ್ಕೆ ಕೊಟ್ಟೆ ಇವಳಿಗೆ?" ಎಂದು ಅವನ ಮೇಲೆ ಹರಿಹಾಯ್ದರು! ಕುಮಟೆಯಲ್ಲಿ ಮಾಡಿದ ಫೋಟೋ ಮಾತ್ರ ಅತ್ತೆಯೇ ಬಂದು ಕೂತಂತಿತ್ತು. ಮಾವನಿಗೆ ಹೇಳಲು ಕೊರತೆಯೇ ಸಿಗಲಿಲ್ಲ. ಕಟ್ಟು ಸೊಟ್ಟ ಎಂದರು. ಅಂಗಡಿಯವನು ಸ್ಕೇಲು ಇಟ್ಟು ತೋರಿಸಿದ.

ವಾಪಸು ಬರುವಾಗ ಬಸ್ಸಿನಲ್ಲಿ ಫೋಟೋವನ್ನು ಪಕ್ಕದ ಸೀಟಿನಲ್ಲಿ ಕೂರಿಸಿದರು, ಕಿಟಕಿ ಕಡೆಗೆ. ನಾನು ಹಿಂದಿನ ಸೀಟು. ಕಂಡಕ್ಟರ್ ಬಂದ.

"ಈ ಸೀಟು ಯಾರದ್ದು?"

"ನಮ್ಮ ಮನೆಯವಳದ್ದು. ಹೆಂಗಸ್ರಿಗೆ ಟಿಕೆಟ್ ಇಲ್ಲಲ್ಲ?"

"ಇಲ್ಲ. ಗುರುತಿನ ಚೀಟಿ ತೋರ್ಸಿ."

ಮಾವ ಫೋಟೋದ ಮೇಲಿನ ಟವೆಲು ಸರಿಸಿದರು. "ಇದಕ್ಕಿಂತ ಎಂತ ಬೇಕು?"

ಕಂಡಕ್ಟರ್ ಫೋಟೋ ನೋಡಿ, ಮುಂದಿನ ಸೀಟಿಗೆ ಹೋದ. ನನಗೆ ನಗು ಬಂತು, ನಾಚಿಕೆಯೂ ಆಯಿತು.

ವರ್ಷಾಂತಿಕದ ದಿನ. ಭಟ್ಟರು ಕಾಯುತ್ತಿದ್ದಾರೆ, ನನ್ನ ತಮ್ಮ ಸುತ್ತಿಗೆ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದಾನೆ. ಮಾವ ಫೋಟೋ ಅವುಚಿಕೊಂಡು ಜಗುಲಿ, ಅಂಗಳ, ಬಾವಿಕಟ್ಟೆ, ಮತ್ತೆ ಜಗುಲಿ. ನನ್ನ ತಾಳ್ಮೆ ತಪ್ಪಿತು.

"ಮಾವಾ, ಯುದ್ಧಭೂಮಿಗೆ ಹೋಗಿ ಬಂದವ್ರು ನೀವು! ಒಂದು ಮೊಳೆಗೆ ಇಷ್ಟೆಲ್ಲ ಎಂತಕ್ಕೆ?"

ಮಾವ ನಿಂತರು. "ಊರೆಲ್ಲ ನಾನು ಸತ್ತೆ ಅಂತ ಅತ್ತಾಗ ಇವಳು ಒಬ್ಳೇ ಫೋಟೋ ಇಳಿಸಿದ್ಲು ಮಾರಾಯ್ತಿ. ಇಳಿಸಿದ್ಲು, ನಾನು ಬಂದೆ. ಈಗ ಇವಳನ್ನ ನಾನೇ ಏರಿಸ್ಲಾ?"

ನನಗೆ ಅಳು ತಡೆಯಲಾಗಲಿಲ್ಲ. ತಮ್ಮ ಸ್ಟೂಲಿನಿಂದ ಇಳಿದ. ನಾನು ಅಕ್ಕಿ ಡ್ರಮ್ಮಿನ ಮೇಲೆ ಗಡಿಯಾರವನ್ನು ಪಕ್ಕಕ್ಕೆ ಸರಿಸಿ ಫೋಟೋಕ್ಕೆ ಜಾಗ ಮಾಡಿದೆ. ಮಾಲೆ ಭಟ್ಟರ ತಟ್ಟೆಯಲ್ಲೇ ಉಳಿಯಿತು. ಅವರೂ ಹಾಕಿ ಎನ್ನಲಿಲ್ಲ.

ಎಲ್ಲ ಮುಗಿದ ಮೇಲೆ ಚಹಾ ತಂದು ಕೊಟ್ಟೆ. ಮಾವ ಲೋಟ ಹಿಡಿದು ಹಿತ್ತಲಿನ ಬಾಗಿಲವರೆಗೆ ಹೋದರು, ತಿರುಗಿ ಡ್ರಮ್ಮಿನ ಕಡೆ ನೋಡಿದರು.

"ಆತು ಮಾರಾಯ್ತಿ, ಕೂತೆ" ಎಂದರು. ನನಗಲ್ಲ. ಡ್ರಮ್ಮಿನ ಪಕ್ಕ ಕುರ್ಚಿ ಎಳೆದುಕೊಂಡು, ಲೋಟ ಖಾಲಿಯಾಗುವವರೆಗೂ ಅಲ್ಲೇ ಕೂತಿದ್ದರು.