ಆಯುಧಪೂಜೆ ದಿನ ಬಂದ ಫೋನು

"ಫೋನ್ ಬಂದ್ರೆ ಎಲ್ಲದಕ್ಕೂ ಹೂಂ ಅನ್ಬೇಡಿ. ಆಮೇಲೆ ಹೇಳ್ತೀನಿ ಅಂತ ಇಟ್ಬಿಡಿ. ನಾನು ಬರೆದಿಟ್ಟಿರೋ ಪುಸ್ತಕದಲ್ಲಿನ ನಂಬರಿಗೆ ನೀವೇ ಮಾಡಿ ಕೇಳಿ."

ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು.

ಪೀಣ್ಯದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪು. ಲೇತು ನನ್ನದು, ಫೋನು ಕಂಪ್ಯೂಟರು ಅವಳದು. ನಾನು ಓದಿದ್ದು ಏಳನೇ ಕ್ಲಾಸು. ಆರ್ಡರು, ಡ್ರಾಯಿಂಗು ಎಲ್ಲಾ ಆ ಕಂಪ್ಯೂಟರಿನೊಳಗೆ. ಅವಳು ಹೋದಮೇಲೆ ಅದನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಆರ್ಡರು ನಿಂತವು. ಹೀಗೇ ಹೋದರೆ ಬಾಗಿಲು ಹಾಕಬೇಕಿತ್ತು. ಮೋಸದ ಫೋನುಗಳು ಮಾತ್ರ ತಪ್ಪದೆ ಬರುತ್ತಿದ್ದವು.

೧. ಮೇಡಂ ಒಪ್ಪಿದ್ದಾರೆ

ಒಬ್ಬಳು ಹುಡುಗಿ ಮಾಡಿದಳು. ನಮ್ಮ ವರ್ಕ್‌ಶಾಪಿನ ಹೆಸರು ಇಂಟರ್‌ನೆಟ್ಟಿಗೆ ಹಾಕಿದ್ದಾರಂತೆ, ಈ ವರ್ಷದ ದುಡ್ಡು ಕಟ್ಟಬೇಕಂತೆ. ಇನ್ನೇನು ಹೂಂ ಅನ್ನೋದರಲ್ಲಿದ್ದೆ.

"ಹೋದ ವಾರ ನಿಮ್ಮ ಮನೆ ಮೇಡಂ ಹತ್ರಾನೇ ಮಾತಾಡಿದೀನಿ ಸಾರ್. ಒಪ್ಕೊಂಡಿದಾರೆ."

ಅವಳು ತೀರಿಕೊಂಡು ಎರಡು ತಿಂಗಳಾಗಿತ್ತು.

"ಯಾವ ನಂಬರಿಗೆ ಮಾಡಿದ್ಯಮ್ಮ? ನನಗೂ ಕೊಡು" ಅಂದೆ.

೨. ಅವಸರದ ಬ್ಯಾಂಕು

ಬ್ಯಾಂಕಿನಿಂದ ಅಂತ ಒಬ್ಬ ಮಾಡಿದ. ಹತ್ತು ನಿಮಿಷದಲ್ಲಿ ನನ್ನ ಕಾರ್ಡು ಬಂದ್ ಆಗುತ್ತಂತೆ, ಬೇಗ ನಂಬರು ಓದಿ ಅಂದ. ಕನ್ನಡಕ ಹುಡುಕತೊಡಗಿದೆ. ಬೇಗ ಸಾರ್, ಬೇಗ ಸಾರ್ ಅಂತ ಒಂದೇ ಸಮ. ಇಷ್ಟು ವರ್ಷದಲ್ಲಿ ಬ್ಯಾಂಕಿನವರು ನನಗಾಗಿ ಅವಸರ ಮಾಡಿದ್ದು ಅದೇ ಮೊದಲು. ಅಲ್ಲೇ ಅನುಮಾನ ಬಂತು. ಆಮೇಲೆ ಹೇಳ್ತೀನಿ ಅಂತ ಇಟ್ಟೆ. ಪುಸ್ತಕದ ನಂಬರಿಗೆ ಮಾಡಿದೆ. ಊಟದ ಟೈಮು, ಆಮೇಲೆ ಮಾಡಿ ಅಂದರು.

ನಿಜವಾದ ಬ್ಯಾಂಕು ಇದೇ ಅಂತ ಸಮಾಧಾನವಾಯಿತು.

೩. ರಜೆ ಇಲ್ಲದ ಯಂತ್ರ

ಆಯುಧಪೂಜೆ. ಮೇನ್ ಸ್ವಿಚ್ಚೇ ಆರಿಸಿದ್ದೆವು. ನಮ್ಮ ಲೇತಿನ ಕೆಲಸಗಾರ, ಬಿಜಾಪುರದ ಕಡೆಯವನು, ಲೇತಿಗೆ ಬಳಿದಂತೆ ಕಂಪ್ಯೂಟರಿಗೂ ವಿಭೂತಿ ಬಳಿದು, ಹಾರ ಹಾಕಿ, ಮೇಲೊಂದು ನಿಂಬೆಹಣ್ಣು ಇಟ್ಟಿದ್ದ. ಆಗ ಫೋನು. ಕಂಪ್ಯೂಟರ್ ಕಂಪನಿಯವನಂತೆ. ನಮ್ಮ ಕಂಪ್ಯೂಟರಿನಿಂದ ಅವರಿಗೆ ವೈರಸ್ ಹೋಗುತ್ತಿದೆಯಂತೆ. ತಾನು ಹೇಳಿದ ಕೀ ಒತ್ತದಿದ್ದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದಂತೆ.

ಅವಳು ಮಾಡಿಟ್ಟದ್ದೆಲ್ಲ ಅದರಲ್ಲೇ ಇತ್ತು. ಹೋಗಿ ಅದರ ಮುಂದೆ ಕೂತೆ. ನಿಂಬೆಹಣ್ಣು ನನ್ನನ್ನೇ ನೋಡುತ್ತಿತ್ತು.

"ಈಗಲೂ ಹೋಗ್ತಿದೆಯೇನಪ್ಪ?"

"ಈ ನಿಮಿಷಾನೂ ಸಾರ್. ನಮ್ಮ ಸ್ಕ್ರೀನಲ್ಲಿ ಕಾಣ್ತಿದೆ."

ಕೆಲಸಗಾರನಿಗೆ ಹೇಳಿದೆ, ಇವತ್ತು ಪೀಣ್ಯದಲ್ಲಿ ಒಂದು ಯಂತ್ರಾನೂ ತಿರುಗ್ತಿಲ್ಲ, ಇದೊಂದು ಮಾತ್ರ ಕರೆಂಟಿಲ್ಲದೆ ಕೆಲಸ ಮಾಡ್ತಿದೆಯಂತೆ.

ಅವನು ಕಡ್ಲೆಪುರಿ ಅಗಿಯುತ್ತಲೇ ಅಂದ, "ಹಂಗಾದ್ರ ಅದಕ್ಕೂ ಬೋನಸ್ ಕೊಡ್ರಿ ಮಾಲಕ್ರ."

ಅವಳು ಹೋದಮೇಲೆ ನಾನು ನಕ್ಕಿದ್ದು ಅವತ್ತೇ. ನಗುತ್ತಲೇ, ಆಮೇಲೆ ಹೇಳ್ತೀನಿ ಅಂತ ಇಟ್ಟೆ.

ಮಾರನೇ ಬೆಳಿಗ್ಗೆ ಹಾರ ತೆಗೆದು, ವಿಭೂತಿ ಒರೆಸಿ, ಸ್ವಿಚ್ ಹಾಕಿದೆ. ಪುಸ್ತಕದಲ್ಲಿ ಅವಳು ಬರೆದಿಟ್ಟ ಪಾಸ್‌ವರ್ಡ್ ನೋಡಿ ಒಂದೊಂದೇ ಅಕ್ಷರ ಒತ್ತಿದೆ. ತೆರೆಯಿತು. ಎಲ್ಲಾ ಇದ್ದಂತೆಯೇ ಇತ್ತು. ನಮ್ಮ ಹಳೇ ಗಿರಾಕಿ, ಪಂಪು ಮಾಡುವ ಕಂಪನಿಯಿಂದ ಒಂದು ಮೇಲ್ ಬಂದಿತ್ತು. ಪಂಪಿಗೆ ಹಾಕೋ ಇನ್ನೂರು ಬುಷ್ ಬೇಕು, ಮಾಡಿಕೊಡ್ತೀರಾ ಅಂತ. ಪುಸ್ತಕದಲ್ಲಿದ್ದ ಅವರ ನಂಬರಿಗೆ ನಾನೇ ಮಾಡಿ ಕೇಳಿದೆ. ಅವರೇ ಕಳಿಸಿದ್ದಂತೆ.

ಹೂಂ ಅಂದೆ.